ಹಳದಿ ಬೆನ್ನಿನ ಇಲಿ

ಸುಣ್ಣದ ಬೆರಳು ತಗಲಿದ್ದೇ ತಡ, ಇಲಿಯ ಬೆನ್ನು ಕೆಂಪಾಯಿತು.

ಭೀಮಸೇನ ಬಾಯೊಳಗಿನ ಎಲೆ ಅಡಿಕೆ ಅಗಿಯುವುದನ್ನೇ ಮರೆತು ಡಬ್ಬಿಯೊಳಗೆ ಕಣ್ಣಿಟ್ಟ. ವಡೋದರಾ ಬಿಟ್ಟು ಅಹಮದಾಬಾದಿನ ಕಡೆ ಕುಲುಕಾಡುತ್ತ ಹೊರಟಿದ್ದ ಬೆಳಗಿನ ಪ್ಯಾಸೆಂಜರ್ ಗಾಡಿ. ತಾಂಬೂಲ ಮಡಿಚಿ ಬಾಯಿಗಿಟ್ಟುಕೊಂಡು, ಬೆರಳು ಒರೆಸಿಕೊಳ್ಳುವ ಮುಂಚೆಯೇ ಇಲಿಗೆ ಒಂದು ಕಡಲೆ ಹಾಕಲು ಹೋಗಿದ್ದ. ಗಾಡಿ ಜಗ್ಗಿತು, ಬೆರಳು ಬೆನ್ನಿಗೆ ತಾಕಿತು. ಅಷ್ಟೆ. ಇಷ್ಟು ದಿನ ಹಳದಿಯಾಗಿದ್ದ ಬೊಟ್ಟಿನ ನಡುವೆ ಈಗ ಕುಂಕುಮದ ಬಣ್ಣದ ಗೀರು.

ಸುಣ್ಣ ತಾಕಿದರೆ ಕೆಂಪಾಗುವ ಹಳದಿ ಯಾವುದೆಂದು ವಿಜಾಪುರ ಜಿಲ್ಲೆಯ ಯಲಗೂರಿನಲ್ಲಿ ಹುಟ್ಟಿ ಬೆಳೆದ ಭೀಮಸೇನನಿಗೆ ಯಾವ ವಿಜ್ಞಾನಿಯೂ ಹೇಳಿಕೊಡಬೇಕಾಗಿರಲಿಲ್ಲ. ಆರತಿಗೆ ಓಕುಳಿ ಕಲಸುವುದನ್ನು ನೋಡಿದ ಯಾವ ಮನೆಯ ಹುಡುಗನಾದರೂ ಹೇಳಿಯಾನು. ಅದು ಅರಿಶಿಣ.

ಅರಿಶಿಣ ಆ ಇಲಿಯ ಮೇಲೆ ಇರಬಾರದಿತ್ತು.

ಎರಡು ವಾರದ ಹಿಂದೆ ಇದೇ ಹಳಿಯ ಮೇಲೆ, ಮಹೆಮ್ದಾವಾದಿನ ಹತ್ತಿರ, ಓಡುವ ರೈಲಿನಿಂದ ಬಿದ್ದು ಸತ್ತ ಡಾಕ್ಟರ್ ಪದ್ಮನಾಭನ ಸೀಟಿನ ಮೇಲೆ ಸಿಕ್ಕ ಡಬ್ಬಿ ಇದು. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿತ್ತು. ಒಳಗೆ ಈ ಬಿಳಿ ಇಲಿ ಜೀವಂತವಾಗಿತ್ತು. ಪೊಲೀಸರು ಕಾಲು ಜಾರಿದ್ದು ಎಂದು ಬರೆದುಕೊಂಡು ಕೈ ತೊಳೆದುಕೊಂಡರು. ಸತ್ತವನ ವಿಮೆಯ ವಿಚಾರಣೆಗೆಂದು ವಡೋದರಾದ ವಿಮಾ ಕಚೇರಿಯಿಂದ ಬಂದ ಭೀಮಸೇನನಿಗೆ ಮಾತ್ರ ಇಲಿ ಗಂಟು ಬಿತ್ತು.

ಗಂಟು ಬಿದ್ದ ಇಲಿ ಸಾಮಾನ್ಯದ್ದಲ್ಲ. ಅಹಮದಾಬಾದಿನ ಟ್ರಸ್ಟ್ ಆಸ್ಪತ್ರೆಯ ಆವರಣದಲ್ಲಿರುವ ಸಂಶೋಧನಾಲಯದಲ್ಲಿ ಇದರ ಚರ್ಮದ ಕೆಳಗೆ ಕ್ಯಾನ್ಸರ್ ಗಡ್ಡೆಯ ಕಣಗಳನ್ನು ಚುಚ್ಚಿ ಬೆಳೆಸಿದ್ದರಂತೆ. ದಕ್ಷಿಣ ಗುಜರಾತಿನ ಡಾಂಗ್ ಕಾಡಿನ ಒಂದು ಬೇರಿನಿಂದ ತೆಗೆದ ಔಷಧಿ ಕೊಟ್ಟ ಮೇಲೆ ಆ ಗಡ್ಡೆ ಕರಗಿ ನೀರಾಯಿತಂತೆ. ಔಷಧಿ ಕಂಡುಹಿಡಿದವರು ಡಾಕ್ಟರ್ ರಾಮಚಂದ್ರ, ಮೈಸೂರಿನವರು. ಅದೇ ಔಷಧಿಯನ್ನು ವಡೋದರಾದ ತನ್ನ ಲ್ಯಾಬಿನಲ್ಲಿ ಪ್ರಯೋಗಿಸಿದ ಪದ್ಮನಾಭನಿಗೆ ಒಂದು ಇಲಿಯೂ ಉಳಿಯಲಿಲ್ಲ. ಯಾಕೆಂದು ನೋಡಿ ಬರಲು ಅಹಮದಾಬಾದಿಗೆ ಹೋದ. ವಾಸಿಯಾದ ಇಲಿಗಳಲ್ಲಿ ಒಂದನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೊರಟ. ಮನೆ ಮುಟ್ಟಲಿಲ್ಲ.

ಬಿಳಿ ಇಲಿಗಳೆಲ್ಲ ನೋಡಲು ಒಂದೇ ತರ. ಯಾವುದು ಯಾವುದೆಂದು ತಿಳಿಯಲು ಅಲ್ಲಿಯವರು ಹಳದಿ ಬಣ್ಣದ ಒಂದು ಆಸಿಡ್ ಹಚ್ಚುತ್ತಾರೆ: ಒಂದಕ್ಕೆ ತಲೆಗೆ, ಒಂದಕ್ಕೆ ಬೆನ್ನಿಗೆ, ಒಂದಕ್ಕೆ ಬಾಲದ ಬುಡಕ್ಕೆ. ಕಳೆದ ವಾರ ಲ್ಯಾಬಿಗೆ ಹೋಗಿದ್ದಾಗ ಆ ಆಸಿಡ್ ಭೀಮಸೇನನ ಕರವಸ್ತ್ರಕ್ಕೂ ತಾಕಿತ್ತು. ಅವನೀಗ ಅದನ್ನು ಜೇಬಿನಿಂದ ತೆಗೆದು ಕಲೆಯ ಮೇಲೆ ಸುಣ್ಣದ ಬೆರಳು ತಿಕ್ಕಿದ. ಕಲೆ ಹಳದಿಯಾಗಿಯೇ ಉಳಿಯಿತು.

ಕರವಸ್ತ್ರದ ಹಳದಿ ಬೇರೆ, ಇಲಿಯ ಹಳದಿ ಬೇರೆ.

ಅಂದರೆ ಇಲಿಯ ಗುರುತು ಲ್ಯಾಬಿನವರು ಹಚ್ಚಿದ್ದಲ್ಲ. ಗುರುತು ನಕಲಿಯಾದರೆ ಇಲಿಯೂ ನಕಲಿ. ಇದು ಗಡ್ಡೆ ಕರಗಿದ ಇಲಿಯಲ್ಲ, ಗಡ್ಡೆಯೇ ಇಲ್ಲದ ಇಲಿ. ಪದ್ಮನಾಭನಿಗೆ ತಿಳಿದದ್ದು ಇದೇ ಇರಬೇಕು.

ಭೀಮಸೇನ ಎದ್ದು ಬಾಗಿಲ ತನಕ ಹೋದ. ಏನೂ ತೋಚದೆ ವಾಪಸು ಬಂದು ಕೂತ. ಮತ್ತೆ ಎದ್ದ. ಎದುರಿನ ಬೆಂಚಿನ ಗುಜರಾತಿ ಅಜ್ಜ, ಇವನಿಗೆ ಹೊಟ್ಟೆ ಕೆಟ್ಟಿದೆಯೆಂದು ತಿಳಿದು ಕಾಲು ಮಡಿಚಿ ದಾರಿ ಬಿಟ್ಟುಕೊಟ್ಟ.

ಕಿಟಕಿಯ ಪಕ್ಕ ಸೆರಗು ಹೊದ್ದುಕೊಂಡು ತೂಕಡಿಸುತ್ತಿದ್ದಳು ಪಾರ್ವತಿ, ಅವನ ಹೆಂಡತಿ. ಅವಳ ಎಡ ಎದೆಯಲ್ಲಿ ನಿಂಬೆಕಾಯಿಯಷ್ಟು ಗಂಟು. ನಾಚಿಕೆಯಿಂದ ಮಳೆಗಾಲವೆಲ್ಲ ಮುಚ್ಚಿಟ್ಟುಕೊಂಡಿದ್ದಳು. ವಡೋದರಾದ ಸರ್ಜನ್ ಮುಚ್ಚುಮರೆ ಮಾಡಲಿಲ್ಲ: ದೀಪಾವಳಿಯೊಳಗೆ ಕೊಯ್ದು ತೆಗೆಸಿದರೆ ಆಸೆಯುಂಟು, ತಡಮಾಡಿದರೆ ಗಂಟು ಕಂಕುಳಿಗೆ ಇಳಿದು ಎದೆಗೂಡಿಗೆ ಬೇರು ಬಿಡುತ್ತದೆ, ಆಮೇಲೆ ಯಾರ ಕೈಯಲ್ಲೂ ಇಲ್ಲ. ಪಾರ್ವತಿ ಒಪ್ಪಲಿಲ್ಲ. ಅವಳ ತಾಯಿ ಆಪರೇಷನ್ ಮೇಜಿನ ಮೇಲಿಂದ ಏಳಲೇ ಇಲ್ಲ. ಚಾಕು ಎಂದರೆ ಅವಳಿಗೆ ಅದೇ ಮೇಜು.

ಚಾಕು ಇಲ್ಲದೆ, ಬರೀ ಸೂಜಿಯಲ್ಲಿ ಗಂಟು ಕರಗಿಸುವ ಔಷಧಿಯ ಸುದ್ದಿ ಬಂದದ್ದು ಆಗಲೇ. ಮನುಷ್ಯರ ಮೇಲೆ ಮೊದಲ ಪ್ರಯೋಗಕ್ಕೆ ಹೆಸರು ಕೊಟ್ಟವರಲ್ಲಿ ಪಾರ್ವತಿಯೂ ಒಬ್ಬಳು. ಇವತ್ತು ಅವಳಿಗೆ ಮೊದಲ ಸೂಜಿ. ಪೂರ್ತಿ ಔಷಧಿ ಮುಗಿಯುವ ಹೊತ್ತಿಗೆ ದೀಪಾವಳಿ ದಾಟಿರುತ್ತದೆ, ಕೊಯ್ಯುವ ಕಾಲವೂ ದಾಟಿರುತ್ತದೆ.

ಅವಳ ಧೈರ್ಯಕ್ಕೆಲ್ಲ ಈ ಇಲಿಯೇ ಆಧಾರ. ಮೊದಲ ದಿನ ಡಬ್ಬಿಯನ್ನು ಹಿತ್ತಿಲಲ್ಲೇ ಇಡಿಸಿದ್ದಳು. ಸತ್ತವರ ಸಾಮಾನು ಮನೆಯೊಳಗೆ ಬ್ಯಾಡ, ಮೈಲಿಗಿ ಎಂದಿದ್ದಳು. ಸಂಜೆ ಅವನು ಆಫೀಸಿನಿಂದ ಬರುವಷ್ಟರಲ್ಲಿ ಡಬ್ಬಿ ಅಡುಗೆಮನೆಯ ಕಿಟಕಿಗೆ ಬಂದಿತ್ತು. ಅಲ್ಲಿಂದ ಇಲಿಗೆ ದಿನಾ ಹಾಲನ್ನ.

“ಇದರದ್ದು ಕರಗಿತಲ್ಲಾ, ನಂದೂ ಕರಗ್ತದ” ಎಂದು ಅವಳು ಅಂದಾಗಲೆಲ್ಲ ಭೀಮಸೇನ ಹೂಂ ಅಂದಿದ್ದ. ಈಗ ಅವನು ಕರವಸ್ತ್ರವನ್ನು ಮಡಿಚಿ ಜೇಬಿಗಿಟ್ಟುಕೊಂಡ.

ಗಾಡಿ ನಿಂತಿತು. ಪಾರ್ವತಿ ಕಣ್ಣು ಬಿಟ್ಟಳು.

“ಯಾವ ಸ್ಟೇಷನ್ರೀ?”

“ನಡಿಯಾದ್.”

“ಮಾರಿ ಯಾಕ ಹಂಗ ಮಾಡೀರಿ? ಸೂಜಿ ನಿಮಗ ಚುಚ್ಚೋದಿಲ್ಲಲಾ.”

ಅವನು ನಕ್ಕ. ಡಬ್ಬಿಯ ಮುಚ್ಚಳ ಹಾಕಿ ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡ. ಕೆಂಪು ಗೀರು ಅವಳ ಕಣ್ಣಿಗೆ ಬೀಳಬಾರದು. ಖಚಿತವಾಗುವ ತನಕ ಅವಳಿಗೆ ಹೇಳಬಾರದು. ಆಸೆ ಕಿತ್ತುಕೊಳ್ಳುವುದಾದರೆ ಪುರಾವೆ ಇಟ್ಟುಕೊಂಡೇ ಕಿತ್ತುಕೊಳ್ಳಬೇಕು.

ಹೆಂಡತಿಗೆ ಹೇಳದೆ ಗಂಡಸರು ಮಾಡುವ ಜಾಣತನದ ಬೆಲೆ ಸಾಮಾನ್ಯವಾಗಿ ಸಂಜೆಯೊಳಗೆ ಗೊತ್ತಾಗುತ್ತದೆ. ಭೀಮಸೇನನಿಗೆ ಅಷ್ಟು ಹೊತ್ತೂ ಹಿಡಿಯಲಿಲ್ಲ.

*

ಆಸ್ಪತ್ರೆಯ ಮುಂದೆ ಆಟೋ ಇಳಿದಾಗ ಬಿಸಿಲು ಏರಿತ್ತು. ನದಿಯಾಚೆ ಮಿಲ್ಲುಗಳ ಚಿಮಣಿ ಹೊಗೆ ಕಾರುತ್ತಿತ್ತು. ಗೇಟಿನ ಪಕ್ಕ ನವರಾತ್ರಿಯ ಗರ್ಬಾ ಕುಣಿತಕ್ಕೆಂದು ಬಿದಿರು ಕಟ್ಟುತ್ತಿದ್ದರು.

ವಾರ್ಡಿನಲ್ಲಿ ಪಾರ್ವತಿಗೆ ಕಿಟಕಿಯ ಹತ್ತಿರದ ಮಂಚ. ಸೀರೆಯ ಗಂಟನ್ನು ತಲೆದಿಂಬಿನ ಪಕ್ಕ ಇಟ್ಟು ಅವಳು ಕೈ ಚಾಚಿದಳು.

“ಆ ಡಬ್ಬಿ ಇಲ್ಲೇ ಇಡ್ರಿ.”

“ಡಾಕ್ಟರಿಗೆ ತೋರಿಸಿಕೊಂಡು ಬರ್ತೀನಿ. ಪಾರೂ, ನಾ ಬರೋತನಕ ಸೂಜಿ ಚುಚ್ಚಿಸ್ಕೋಬ್ಯಾಡ.”

“ಯಾಕ?”

“ಒಂದ ಸಹಿ ಉಳದದ.”

ಪಾರ್ವತಿ ಡಬ್ಬಿಯ ಕಡೆ ನೋಡಿದಳು, ಆಮೇಲೆ ಅವನ ಕಡೆ. “ನಿಮಗೊಂದು ಮಾತ ಹೇಳೋದಿತ್ತು. ಸಿಟ್ಟಿಗೇಳಬಾರದು.”

“ಬಂದ ಮ್ಯಾಲ ಹೇಳ” ಎಂದು ಅವನು ಆಗಲೇ ಬಾಗಿಲು ದಾಟಿದ್ದ.

ಅಂಗಳ ದಾಟುತ್ತಾ ತಲೆಯಲ್ಲಿ ಮೂರು ಮುಖ ತಿರುಗಿದವು. ಟ್ರಸ್ಟಿನ ಶೇಠರು, ದೀಪಾವಳಿಗೆ ಔಷಧಿಯ ಸುದ್ದಿ ಪತ್ರಿಕೆಗೆ ಕೊಡಲು ತುದಿಗಾಲಲ್ಲಿ ನಿಂತಿದ್ದವರು. ಆದರೆ ಶೇಠರು ಜನ್ಮದಲ್ಲಿ ಒಂದು ಇಲಿಯನ್ನೂ ಮುಟ್ಟಿದವರಲ್ಲ. ರಾಮಚಂದ್ರರು, ಹೆಸರೆಲ್ಲ ಅವರಿಗೇ. ಆದರೆ ಹಳದಿ ಆಸಿಡ್ಡಿನ ಬಾಟಲಿ ಅವರ ಕಪಾಟಿನಲ್ಲೇ ಇರುವಾಗ ಅವರೇಕೆ ಅರಿಶಿಣಕ್ಕೆ ಹೋಗಬೇಕು? ಇನ್ನುಳಿದವಳು ಹೇಮಲತಾಬೇನ್. ಇಲಿಗಳ ಕೋಣೆಯ ಪೂರ್ತಿ ಉಸ್ತುವಾರಿ ಅವಳದ್ದು. ವಿಜ್ಞಾನದಲ್ಲಿ ಎಂ.ಎಸ್‌ಸಿ. ಮಾಡಿದ ಜೈನ ಹೆಣ್ಣುಮಗಳು, ನಡುವಯಸ್ಸು, ಮಾತು ಕಡಿಮೆ.

ಅರಿಶಿಣ ಅಡುಗೆಮನೆಯ ವಸ್ತು. ಭೀಮಸೇನ ನೇರವಾಗಿ ಇಲಿಗಳ ಕೋಣೆಗೆ ಹೋದ.

ಬಾಗಿಲು ದೂಡಿದೊಡನೆ ಮೂಗಿಗೆ ಘಾಟು ಹೊಡೆಯಿತು. ಗೋಡೆಯುದ್ದಕ್ಕೂ ತಂತಿಯ ಪಂಜರಗಳು. ಕೆಲವು ಇಲಿಗಳು ಚುರುಕಾಗಿ ಓಡಾಡುತ್ತಿದ್ದವು. ಇನ್ನು ಕೆಲವಕ್ಕೆ ಕಂಕುಳ ಕೆಳಗೆ ಗಡ್ಡೆ ಊದಿ, ಕಾಲು ಊರಲಾಗದೆ ಒಂದು ಮಗ್ಗುಲಿಗೆ ವಾಲಿಕೊಂಡಿದ್ದವು. ಅವುಗಳನ್ನು ನೋಡಿ ಭೀಮಸೇನನಿಗೆ ಕಿಟಕಿಯ ಹತ್ತಿರದ ಮಂಚ ನೆನಪಾಯಿತು. ಕಣ್ಣು ಬೇರೆ ಕಡೆ ತಿರುಗಿಸಿದ.

ಕೋಣೆಯ ಆ ತುದಿಯಲ್ಲಿ ಒಳಕೋಣೆಗೆ ಒಂದು ಚಿಕ್ಕ ಬಾಗಿಲು. ಹೇಮಲತಾಬೇನ್ ಅದಕ್ಕೆ ಬೀಗ ಹಾಕುತ್ತಿದ್ದಳು. ಕಾಲ ಸಪ್ಪಳಕ್ಕೆ ಬೆಚ್ಚಿ ತಿರುಗಿ, ಬೀಗದ ಕೈಯನ್ನು ಸೊಂಟದ ಗೊಂಚಲಿಗೆ ಸಿಕ್ಕಿಸಿಕೊಂಡಳು. ಹಿತ್ತಾಳೆಯ ಉದ್ದನೆಯ ಕೈ, ಅದರ ಕೊರಳಿಗೆ ಕಪ್ಪು ದಾರ.

“ಆವೋ ಭಾಯಿ. ನಿಮ್ಮವರಿಗೆ ಇವತ್ತೇ ಅಲ್ಲವೆ ಮೊದಲ ಸೂಜಿ?” ಅವಳ ಗುಜರಾತಿಗೆ ಭೀಮಸೇನನ ಒರಟು ಹಿಂದಿ ಹೇಗೋ ಹೊಂದಿಕೊಳ್ಳುತ್ತಿತ್ತು.

“ಅದಕ್ಕೇ ಬಂದೆ” ಎಂದು ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ. “ಈ ಇಲಿ ಗುರುತು ಸಿಗುತ್ತದೆಯೆ?”

ಅವಳು ಬಗ್ಗಿ ನೋಡಿದಳು. “ಪದ್ಮನಾಭಭಾಯಿ ಒಯ್ದದ್ದು. ಬೆನ್ನಿನ ಗುರುತು. ಔಷಧಿ ಕೊಟ್ಟ ತಂಡದ್ದು.”

“ಬೆನ್ನಿನ ಮೇಲೆ ಕೆಂಪು ಏನು?”

“ಗಾಯವೆ?”

“ಗಾಯವಲ್ಲ ಬೇನ್. ಸುಣ್ಣ ತಾಕಿತು. ನಿಮ್ಮ ಆಸಿಡ್ ಸುಣ್ಣಕ್ಕೆ ಕೆಂಪಾಗುವುದಿಲ್ಲ. ಅರಿಶಿಣ ಆಗುತ್ತದೆ.”

“ಅರಿಶಿಣವೆ?” ಎಂದಳು ಹೇಮಲತಾ. ಅವಳ ಹುಬ್ಬು ಮೇಲೇರಿತು.

ಎಷ್ಟು ಚೆನ್ನಾಗಿ ನಟಿಸುತ್ತಾಳೆ ಎಂದುಕೊಂಡ ಭೀಮಸೇನ.

“ಇಲ್ಲಿ ಯಾರೋ ಇಲಿ ಬದಲಾಯಿಸಿದ್ದಾರೆ. ಗಡ್ಡೆಯ ಇಲಿ ತೆಗೆದು ಒಳ್ಳೆಯ ಇಲಿ ಇಟ್ಟಿದ್ದಾರೆ. ಆಸಿಡ್ ಬಾಟಲಿ ಸಿಗಲಿಲ್ಲ, ಅರಿಶಿಣದಿಂದ ಗುರುತು ಹಾಕಿದ್ದಾರೆ.”

“ಯಾರು ಹಾಗೆ ಮಾಡುತ್ತಾರೆ, ಭಾಯಿ? ಹುಚ್ಚು ಮಾತು.”

“ಪದ್ಮನಾಭನಿಗೂ ಇದು ಹುಚ್ಚು ಮಾತು ಅನಿಸಿರಲಿಲ್ಲ. ಅವನು ಈ ಇಲಿಯನ್ನು ತೆಗೆದುಕೊಂಡು ಹೊರಟ. ರೈಲಿನಿಂದ ಬಿದ್ದ. ಅಥವಾ ಯಾರೋ ಬೀಳಿಸಿದರು.”

ಹೇಮಲತಾ ಒಂದು ಪಂಜರದ ನೀರಿನ ಬಾಟಲಿ ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು.

ಭೀಮಸೇನನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ವಾರ್ಡಿನಲ್ಲಿ ಯಾವ ಗಳಿಗೆಗೆ ನರ್ಸ್ ಬಂದು ಪಾರ್ವತಿಯ ತೋಳಿಗೆ ಸ್ಪಿರಿಟ್ ಹಚ್ಚುತ್ತಾಳೋ ಯಾರಿಗೆ ಗೊತ್ತು. ಅವನು ಪಂಜರಗಳ ಸಾಲಿನುದ್ದಕ್ಕೂ ಹೋಗಿ ಬಂದ. ಆಗ ಆ ಚಿಕ್ಕ ಬಾಗಿಲಿನ ಹಿಂದಿನಿಂದ ಚೀಂ ಚೀಂ ಸದ್ದು ಕೇಳಿಸಿತು.

“ಅಲ್ಲಿಯೂ ಇಲಿಗಳಿವೆಯೆ?”

“ಅದು ಉಗ್ರಾಣ.”

“ಉಗ್ರಾಣ ಚೀರುತ್ತದೆಯೆ? ಔಷಧಿ ಕೊಟ್ಟ ತಂಡದ ಉಳಿದ ಇಲಿಗಳು ಅಲ್ಲೇ ಇರಬೇಕು. ತೆಗೆಯಿರಿ ಬೇನ್. ಒಂದೊಂದಕ್ಕೂ ಸುಣ್ಣ ಮುಟ್ಟಿಸಿ ನೋಡೋಣ. ಎಲ್ಲ ಹಳದಿಯಾಗೇ ಉಳಿದರೆ ನಾನು ನಿಮ್ಮ ಕಾಲಿಗೆ ಬೀಳುತ್ತೇನೆ.”

ಅವನು ಜೇಬಿನಿಂದ ಸುಣ್ಣದ ಡಬ್ಬಿ ತೆಗೆದು ಆ ಬಾಗಿಲ ಕಡೆ ಹೆಜ್ಜೆ ಇಟ್ಟ. ಹೇಮಲತಾ ನಡುವೆ ಬಂದು ನಿಂತಳು. ಬೆನ್ನು ಬಾಗಿಲಿಗೆ, ಕೈ ಸೊಂಟದ ಗೊಂಚಲಿಗೆ.

“ಬೇಡ ಭಾಯಿ” ಎಂದಳು. “ನೋಡುವುದೇನೂ ಇಲ್ಲ. ನಾನೇ ಮಾಡಿದ್ದು.”

ಭೀಮಸೇನ ನಿಂತ.

“ನೀವು ಹೇಳಿದ್ದೆಲ್ಲ ಸರಿ. ಇಲಿ ಬದಲಾಯಿಸಿದವಳು ನಾನು. ಅರಿಶಿಣ ಹಚ್ಚಿದವಳೂ ನಾನೇ.”

ಹೇಳಿ ಅವಳು ಸ್ಟೂಲಿನ ಮೇಲೆ ಕೂತಳು. ಮುಖದಲ್ಲಿ ಒಂದು ಬಗೆಯ ನಿರಾಳ ಕಂಡಿತು. ಪಾಪದ ಹೊರೆ ಇಳಿದದ್ದಕ್ಕೆ ಹಾಗಾಗಿದೆ ಎಂದು ಭೀಮಸೇನ ಅರ್ಥ ಮಾಡಿಕೊಂಡ.

“ಯಾಕೆ?”

“ಸಂವತ್ಸರಿ ಬಂದಿತ್ತು. ನಮ್ಮಲ್ಲಿ ಎಲ್ಲ ಜೀವಗಳ ಕ್ಷಮೆ ಕೇಳುವ ದಿನ. ಅದರ ಹಿಂದಿನ ದಿನ ಶೇಠರ ತಾಯಿ ಮೋಟೀಬಾ ಇಲ್ಲಿಗೆ ಬಂದರು. ಈ ಗಡ್ಡೆಗಳನ್ನು ನೋಡಿ ಕಣ್ಣೀರು ಹಾಕಿದರು. ಒಂದು ಪಂಜರದ ಜೀವಗಳಿಗಾದರೂ ಅಭಯ ಕೊಡು ಮಗಳೇ ಎಂದರು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಒಂದು ಪಂಜರವನ್ನು ಪಾಂಜರಾಪೋಳಕ್ಕೆ ಕಳಿಸಿದೆ.”

ಮುದಿ ಹಸು, ಕುಂಟು ಕುದುರೆ, ರೆಕ್ಕೆ ಮುರಿದ ಪಾರಿವಾಳಗಳನ್ನು ಅವು ಸಾಯುವ ತನಕ ಸಾಕುವ ಪಾಂಜರಾಪೋಳ ಭೀಮಸೇನನಿಗೂ ಗೊತ್ತಿತ್ತು. ಜೈನರ ಪರ್ಯೂಷಣ ಹಬ್ಬದ ದಿನಗಳಲ್ಲಿ ಕಟುಕನ ಕುರಿಯನ್ನು ಬಿಡಿಸಿ ಅಲ್ಲಿಗೆ ಅಟ್ಟುವ ಊರಿದು. ಇಲಿಗಳನ್ನು ಕಳಿಸಿದರೆಂದರೆ ನಂಬದಿರಲು ಕಾರಣವೇನು?

“ಅದು ಔಷಧಿ ಕೊಟ್ಟ ತಂಡದ ಪಂಜರ?”

“ಹೌದು. ಆಮೇಲೆ ಹೆದರಿಕೆಯಾಯಿತು. ಡಾಕ್ಟರ್‌ಸಾಹೇಬರು ಮುಂಬಯಿಗೆ ಹೋಗಿದ್ದರು. ಗುರುತಿನ ಆಸಿಡ್ ಅವರ ಕಪಾಟಿನಲ್ಲಿ ಬೀಗ ಹಾಕಿತ್ತು. ಒಳ್ಳೆಯ ಇಲಿಗಳನ್ನು ತುಂಬಿದೆ. ಮನೆಯಿಂದ...” ಅವಳು ಒಂದು ಕ್ಷಣ ನಿಂತಳು. “ಮನೆಯಿಂದ ಅರಿಶಿಣ ತಂದೆ. ಅವರು ವಾಪಸು ಬಂದು ನೋಡಿ, ಗಡ್ಡೆ ಕರಗಿತು ಎಂದು ಕುಣಿದಾಡಿದರು. ಆಗ ಹೇಗೆ ಹೇಳಲಿ?”

“ಮನುಷ್ಯರಿಗೆ ಸೂಜಿ ಚುಚ್ಚುವಾಗಲೂ ಹೇಳಬೇಕೆನಿಸಲಿಲ್ಲವೆ? ಇಲಿಗೆ ಅಭಯ ಕೊಟ್ಟಿರಿ. ನನ್ನ ಹೆಂಡತಿಗೆ?”

ಹೇಮಲತಾಳ ಕಣ್ಣು ತುಂಬಿತು. ಅದು ನಟನೆಯಾಗಿರಲಿಲ್ಲ. “ಹೋಗಿ ಭಾಯಿ” ಎಂದಳು. “ಬೇಗ ಹೋಗಿ. ಸೂಜಿ ನಿಲ್ಲಿಸಿ.”

ಪದ್ಮನಾಭನ ವಿಷಯ ಕೇಳುವುದಿತ್ತು. ಒಳಕೋಣೆ ನೋಡುವುದೂ ಇತ್ತು. ಆದರೆ ಭೀಮಸೇನನ ಕಾಲು ಆಗಲೇ ಅಂಗಳದಲ್ಲಿತ್ತು. ಬಿದಿರು ಕಟ್ಟುವವರು ಕೆಲಸ ಬಿಟ್ಟು, ಡಬ್ಬಿ ಅವುಚಿಕೊಂಡು ಓಡುವ ಈ ಧೋತರದ ಮನುಷ್ಯನನ್ನು ನೋಡಿದರು.

*

ಪಾರ್ವತಿಯ ಮಂಚದ ಪಕ್ಕದಲ್ಲೇ ನಿಂತಿದ್ದರು ಡಾಕ್ಟರ್ ರಾಮಚಂದ್ರ. ಬೆಳ್ಳಗಿನ ಕೋಟು, ಎಣ್ಣೆ ಹಾಕಿ ಬಾಚಿದ ನರೆಗೂದಲು. ಬೇಸಿನ್ನಿನ ಪಕ್ಕದ ಕಟ್ಟೆಯ ಮೇಲೆ ತಟ್ಟೆಯಲ್ಲಿ ಔಷಧಿಯ ಗಾಜಿನ ಶೀಷೆಗಳು ಸಾಲಾಗಿದ್ದವು. ನರ್ಸ್ ಪಾರ್ವತಿಯ ತೋಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸುತ್ತಿದ್ದಳು.

“ಬ್ಯಾಡ! ಚುಚ್ಚಬ್ಯಾಡ್ರಿ!”

ಇಡೀ ವಾರ್ಡು ತಿರುಗಿ ನೋಡಿತು.

“ಏನಾಯ್ತು ಭೀಮಸೇನರಾಯರೇ?” ರಾಮಚಂದ್ರರು ಇನ್ನೂ ತುಂಬಿಸದ ಸಿರಿಂಜ್ ಕೆಳಗಿಟ್ಟರು. “ಕೂತ್ಕೊಳ್ಳಿ, ಏದುಸಿರು ಬಿಡ್ತಾ ಇದೀರಿ.”

ಭೀಮಸೇನ ಅವರನ್ನು ತೋಳು ಹಿಡಿದು ಬೇಸಿನ್ನಿನ ಹತ್ತಿರ ಎಳೆದುಕೊಂಡು ಹೋದ. ಪಾರ್ವತಿಗೆ ಕೇಳಿಸದಂತೆ, ಮೆಲ್ಲಗೆ, ಹೇಮಲತಾ ಹೇಳಿದ್ದನ್ನೆಲ್ಲ ಹೇಳಿದ. ಪಂಜರ ಬದಲಾದದ್ದು, ಒಳ್ಳೆಯ ಇಲಿಗಳು ಬಂದದ್ದು, ಗಡ್ಡೆಯೇ ಇರಲಿಲ್ಲವಾದ್ದರಿಂದ ಕರಗುವ ಪ್ರಶ್ನೆಯೇ ಇಲ್ಲವೆಂಬುದು.

ರಾಮಚಂದ್ರರ ಮುಖದ ಬಣ್ಣ ಇಳಿಯಿತು.

“ಪದ್ಮನಾಭ ಇದನ್ನೇ ಅಂದಿದ್ದ” ಎಂದರು. “ನಿನ್ನ ಇಲಿಗಳಲ್ಲಿ ಏನೋ ಎಡವಟ್ಟಾಗಿದೆ ರಾಮೂ ಅಂತ. ನಾನು ಅವನ ಮೇಲೆ ರೇಗಿ ಕಳಿಸಿಬಿಟ್ಟೆ. ಕೊನೇ ಸಲ ನೋಡಿದಾಗ ರೇಗಿ ಕಳಿಸಿದೆ ಅವನನ್ನ.”

“ಈಗರೆ ಗೊತ್ತಾತಲ್ರೀ. ಪೂರ್ತಿ ವಿಚಾರಣೆ ಆಗೋತನಕ ಔಷಧಿ...”

ಅವನ ಮಾತು ಮುಗಿಯಲಿಲ್ಲ. ರಾಮಚಂದ್ರರು ಮೊದಲನೆಯ ಶೀಷೆಯ ಕುತ್ತಿಗೆ ಮುರಿದು ಬೇಸಿನ್ನಿನಲ್ಲಿ ಬಗ್ಗಿಸಿದರು. ಆಮೇಲೆ ಇನ್ನೊಂದು. ನರ್ಸ್ ಹೌಹಾರಿ ‘ಸಾಹೇಬ್!’ ಎಂದಳು. ಅವರು ಕೇಳಿಸಿಕೊಳ್ಳಲಿಲ್ಲ. ತಟ್ಟೆ ಖಾಲಿಯಾಗುವ ತನಕ ಒಂದೊಂದನ್ನೇ ಮುರಿದು ಬಗ್ಗಿಸಿ, ನಲ್ಲಿಯನ್ನು ಪೂರ್ತಿ ತಿರುಗಿಸಿಬಿಟ್ಟರು. ಹಸಿರು ಹಸಿರಾದ ನೀರು ಗುಳುಗುಳು ಎಂದು ಒಳಗೆ ಇಳಿಯಿತು.

“ಇದ್ದದ್ದು ಇಷ್ಟೇ” ಎಂದರು. ಅವರ ಬೆರಳಿನಲ್ಲಿ ರಕ್ತ ಒಸರುತ್ತಿತ್ತು. “ಆ ಬೇರು ಇನ್ನು ಮುಂದಿನ ಬೇಸಿಗೇಲೇ ಸಿಗೋದು. ಒಳ್ಳೇದೇ ಆಯ್ತು. ಸುಳ್ಳನ್ನ ಒಬ್ಬರ ಮೈಯೊಳಗೂ ಚುಚ್ಚಿಲ್ಲ.”

ಭೀಮಸೇನ ಅಷ್ಟನ್ನು ನಿರೀಕ್ಷಿಸಿರಲಿಲ್ಲ. ಆದರೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ದೀಪಾವಳಿಗೆ ಇನ್ನೂ ದಿನಗಳಿವೆ. ನಾಳೆಯೇ ವಡೋದರಾಕ್ಕೆ ಹೋಗಿ ಸರ್ಜನ್ನರ ಕೈಕಾಲು ಹಿಡಿಯಬಹುದು. ಪಾರ್ವತಿಯನ್ನು ಒಪ್ಪಿಸಬೇಕು, ಅಷ್ಟೆ.

ಅವನು ಮಂಚದ ಅಂಚಿಗೆ ಕೂತು ಅವಳ ಕೈ ಹಿಡಿದುಕೊಂಡ. ನಾಲ್ಕು ಜನರೆದುರು ಹಾಗೆ ಹಿಡಿದುಕೊಂಡದ್ದು ಮದುವೆಯಾದ ಮೇಲೆ ಅದೇ ಮೊದಲು.

“ಪಾರೂ, ಅಂಜಬ್ಯಾಡ. ಔಷಧಿ ಸುಳ್ಳದ. ಈ ಇಲಿಗೆ ಗಂಟ ಇರಲಿಲ್ಲ. ಯಾರೋ ಬ್ಯಾರೆ ಇಲಿ ತಂದು, ಗುರುತು ಇರಲಿ ಅಂತ ಬೆನ್ನಿಗೆ ಅರಿಶಿಣ ಬಡದಾರ. ನೋಡಿಲ್ಲೆ, ಸುಣ್ಣಾ ಹತ್ತಿ ಹೆಂಗ ಕೆಂಪಾಗೇದ.”

ಪಾರ್ವತಿ ಡಬ್ಬಿಯೊಳಗೆ ನೋಡಿದಳು.

“ಆ ಅರಿಶಿಣ ನಾ ಹಚ್ಚಿದ್ದರೀ” ಎಂದಳು.

ಭೀಮಸೇನನಿಗೆ ಕೇಳಿಸಿತು, ಅರ್ಥವಾಗಲಿಲ್ಲ.

“ಇದನ್ನ ತಂದ ದಿವಸಾನ. ಸತ್ತವರ ಸಾಮಾನಿನಾಗಿಂದು, ಮೈಲಿಗಿ, ಹಂಗ ಹೆಂಗ ಅಡಗಿಮನಿಗೆ ತರಲಿ? ಸೀಗೀಕಾಯಿ ಹಾಕಿ ಎರದೆ. ಎರದಮ್ಯಾಲ ನೋಡತೀನಿ, ಬೆನ್ನ ಮ್ಯಾಲಿನ ಹಳದಿ ಮಾಸಿ ಹೋಗೇದ. ನಿಮ್ಮ ಕೇಸಿನ ಗುರುತು, ಕೆಡಿಸಿದೀ ಅಂತ ಬೈತೀರಂತ ಅಂಜಿ, ಅದ ಜಾಗಾಕ್ಕ ಅರಿಶಿಣ ಹಚ್ಚಿಬಿಟ್ಟೆ. ಮಾಸಿದಾಗೆಲ್ಲಾ ಹಚ್ಚತಿದ್ದೆ. ಅದನ್ನ ಹೇಳಬೇಕಂತನ ಬೆಳಿಗ್ಗೆಯಿಂದ ನೋಡ್ಲಿಕ್ಕತ್ತಿದ್ದೆ. ನೀವು ಕೇಳ್ಲೇ ಇಲ್ಲ.”

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ನಿಲ್ಲಿಸುವುದು ಯಾರಿಗೂ ಹೊಳೆದಿರಲಿಲ್ಲ.

“ಹಂಗಾದ್ರ...” ಪಾರ್ವತಿ ಖಾಲಿ ತಟ್ಟೆಯನ್ನು ನೋಡಿದಳು, ಬೇಸಿನ್ನನ್ನು ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು. “ಹಂಗಾದ್ರ ಔಷಧಿ ಖರೇನ ಇತ್ತೇನ್ರೀ?”

ಭೀಮಸೇನ ಅಂಗಳದಾಚೆಯ ಇಲಿಗಳ ಕೋಣೆಯ ಕಡೆ ತಿರುಗಿ ನೋಡಿದ. ಅರಿಶಿಣ ಎಂಬ ಮಾತು ಹೇಮಲತಾಳ ಬಾಯಿಂದ ಮೊದಲು ಬಂದದ್ದಲ್ಲ, ತನ್ನ ಬಾಯಿಂದ. ಬದಲಾಯಿಸಿದ ಇಲಿ, ಸಿಗದ ಬಾಟಲಿ, ಎಲ್ಲವನ್ನೂ ತಾನೇ ಅವಳ ಕೈಗೆ ಕೊಟ್ಟಿದ್ದ. ಅವಳು ಅದಕ್ಕೆ ಒಂದು ಸಂವತ್ಸರಿ ಸೇರಿಸಿ ವಾಪಸು ಕೊಟ್ಟಳು. ಮಾಡದ ತಪ್ಪನ್ನು ಒಬ್ಬ ಹೆಂಗಸು ಯಾಕೆ ತಲೆಯ ಮೇಲೆ ಹಾಕಿಕೊಳ್ಳುತ್ತಾಳೆ? ಹೋಗಿ ಸೂಜಿ ನಿಲ್ಲಿಸಿ ಎಂದು ಅತ್ತದ್ದು ಯಾಕೆ?

“ಒಳಕೋಣೆ” ಎಂದ ಅವನು, ತನಗೆ ತಾನೇ ಹೇಳಿಕೊಳ್ಳುವಂತೆ. “ನಾ ಒಳಕೋಣಿ ತಗಸ್ತೀನಿ ಅಂದೆ. ಅದಕ್ಕ ಒಪ್ಪಿಕೊಂಡಳು. ಡಾಕ್ಟರ್ ಸಾಹೇಬ್ರ, ಆ ತಂಡದ ಉಳದ ಇಲಿ ಒಳಕೋಣ್ಯಾಗ ಅವ ಅಲ್ರೀ?”

ಬೆರಳಿಗೆ ಹತ್ತಿ ಒತ್ತಿಕೊಂಡಿದ್ದ ರಾಮಚಂದ್ರರು ತಲೆ ಎತ್ತಿದರು.

“ಒಳಕೋಣೇಲಿ ಇಲಿಗಳೇ ಇಲ್ವಲ್ಲ ಸ್ವಾಮಿ. ಉಳಿದವನ್ನೆಲ್ಲ ಕೊಯ್ದು ಪರೀಕ್ಷೆ ಮಾಡಿ ಆಯ್ತು. ಅಲ್ಲಿರೋದು ಗಾಜಿನ ಸ್ಲೈಡುಗಳು ಮಾತ್ರ.”

“ನಾ ಕಿವಿಯಾರೆ ಕೇಳೀನಿ. ಹೇಮಲತಾಬೇನ್ ಬೀಗ ಹಾಕ್ಲಿಕ್ಕತ್ತಿದ್ದಳು. ಹಿತ್ತಾಳಿ ಕೈ, ಕರೀ ದಾರ ಕಟ್ಟಿದ್ದು.”

ಹತ್ತಿ ರಾಮಚಂದ್ರರ ಕೈಯಿಂದ ಜಾರಿತು.

“ಆ ಬೀಗಕ್ಕೆ ಇದ್ದದ್ದು ಒಂದೇ ಕೈ. ಸ್ಲೈಡು ನೋಡ್ತೀನಿ ಅಂದ ಅಂತ, ಸತ್ತ ದಿನ ಬೆಳಿಗ್ಗೆ ನಾನೇ ಪದ್ಮನಾಭನಿಗೆ ಕೊಟ್ಟೆ. ಜೇಬಲ್ಲಿ ಕಳೆದುಹೋದೀತು ಅಂತ ಕಪ್ಪು ದಾರ ಕಟ್ಟಿ ಕೊರಳಿಗೆ ಹಾಕ್ಕೊಂಡ, ಹಾಗೇ ರೈಲು ಹತ್ತಿದ. ಹೆಣದ ಮೇಲೆ ಅದು ಸಿಗಲಿಲ್ಲ, ಹಳಿ ಮೇಲೆ ಎಲ್ಲೋ ಬಿದ್ದಿರಬೇಕು ಅಂದ್ಕೊಂಡಿದ್ದೆ. ಆವತ್ತಿಂದ ಆ ಬಾಗಿಲನ್ನ ಯಾರೂ ತೆಗೆದಿಲ್ಲ, ರಾಯರೇ.”